ಹಾಲಂಡೇಸ್ ಒಂದೇ ಸಲ

ಅಮೆರಿಕದ ನ್ಯೂ ಆರ್ಲಿಯನ್ಸಿನ ದೊಡ್ಡ ಹೋಟೆಲೊಂದರಲ್ಲಿ ಮೊದಲ ಸಲ ಬ್ರಂಚಿಗೆ, ಅಂದರೆ ಬೆಳಗಿನ ತಿಂಡಿಯೂ ಮಧ್ಯಾಹ್ನದ ಊಟವೂ ಒಂದಾದ ಊಟಕ್ಕೆ, ಕುಳಿತಾಗ ನಾನು ತರಿಸಿದ್ದು ಇಷ್ಟು: ಶೆರ್ರಿ ಹಾಕಿದ ಆಮೆ ಸೂಪು, ಎಗ್ಸ್ ಹುಸಾರ್ಡ್ ಎಂಬ ಮೊಟ್ಟೆಯ ತಿನಿಸು, ಪಕ್ಕಕ್ಕೆ ಗ್ರಿಟ್ಸ್ ಎಂಬ ಮೆಕ್ಕೆಜೋಳದ ಬೆಣ್ಣೆ ನುಚ್ಚು, ಕೊನೆಗೆ ವಿಸ್ಕಿ ಸಾಸಿನ ಬ್ರೆಡ್ ಪುಡ್ಡಿಂಗ್ ಸುಫ್ಲೇ. ನಡುನಡುವೆ ಎರಡು ಲೋಟ ಬ್ರಾಂಡಿ ಮಿಲ್ಕ್ ಪಂಚ್. ಒಂದೊಂದೂ ಹೆಸರುವಾಸಿ ತಿನಿಸೇ, ಒಂದೊಂದೂ ರುಚಿಯಾಗಿಯೇ ಇತ್ತು. ಆದರೆ ಹೊರಗೆ ಬಂದು ಸೇಂಟ್ ಚಾರ್ಲ್ಸ್ ಟ್ರಾಮು ಹತ್ತಿ ಮರದ ಬೆಂಚಿನ ಮೇಲೆ ಕುಳಿತದ್ದಷ್ಟೇ ನೆನಪು. ನಾನು ಇಳಿಯಬೇಕಾದ ನಿಲ್ದಾಣ ಯಾವಾಗ ಹೋಯಿತೋ ತಿಳಿಯದು. ದಾರಿ ಮುಗಿಯುವ ಕ್ಯಾರಲ್ಟನ್ ಕಡೆಯ ತುದಿಯಲ್ಲಿ ಚಾಲಕ ಬಂದು ಭುಜ ತಟ್ಟಿ ಎಬ್ಬಿಸಿದ. 1835ರಿಂದ ಓಡುತ್ತಿರುವ ಮಾರ್ಗವಂತೆ. ಬ್ರಂಚ್ ಮುಗಿಸಿ ಅದರಲ್ಲಿ ನಿದ್ದೆ ಹೋದವರಲ್ಲಿ ನಾನು ಮೊದಲಿಗನಾಗಿರಲಿಕ್ಕಿಲ್ಲ.

ಅಂದು ರಾತ್ರಿ ಊಟವನ್ನೇ ಬಿಟ್ಟೆ. ಮರುದಿನ ಬೆಳಿಗ್ಗೆಯೂ ಕಾಫಿ ಮಾತ್ರ. ತಪ್ಪು ಅಡುಗೆಯವರದಲ್ಲ, ನನ್ನದು. ಮೆನುವಿನಲ್ಲಿ ಹೆಸರು ಕೇಳಿದ್ದನ್ನೆಲ್ಲ ಒಂದೇ ಸಲಕ್ಕೆ ಮೇಜಿಗೆ ಕರೆದಿದ್ದೆ.

ನಾನು ಕುಂದಾಪುರದವನು, ಹೂಸ್ಟನ್ನಿನಲ್ಲಿ ನೆಲೆಸಿ ಹದಿನಾಲ್ಕು ವರ್ಷವಾಯಿತು. ಅಲ್ಲಿಂದ ನ್ಯೂ ಆರ್ಲಿಯನ್ಸಿಗೆ ಸುಮಾರು 350 ಮೈಲಿ; ಹೆದ್ದಾರಿ ಹಿಡಿದರೆ ಐದೂವರೆ, ಆರು ಗಂಟೆಯ ದಾರಿ. ಊರಿನಿಂದ ಯಾರೇ ಬಂದರೂ ಎರಡನೆಯ ವಾರಕ್ಕೆ ಆ ಕಡೆ ಹೊರಡುತ್ತೇವೆ. ಹಾಗಾಗಿ ಇಷ್ಟು ವರ್ಷಗಳಲ್ಲಿ ಹತ್ತಾರು ಸಲ ಆ ಬಿಳಿ ಮೇಜುಬಟ್ಟೆಯ ಮುಂದೆ ಕುಳಿತಿದ್ದೇನೆ. ಈಗ ನಮ್ಮ ಗೆಳೆಯರ ಗುಂಪಿನಲ್ಲಿ ಮೆನು ಬಂದ ಕೂಡಲೇ ಎಲ್ಲರೂ ಅದನ್ನು ಮಡಚಿ ನನ್ನ ಮುಖ ನೋಡುತ್ತಾರೆ. ಈ ಹಿರಿತನ ಹೇಗೆ ಬಂತು ಎಂಬುದನ್ನು ಹೇಳುತ್ತೇನೆ.

ಅದಕ್ಕೆ ಕಾರಣ ಆಮೆಗಳು. ರಾಯಲ್ ಬೀದಿಯ 417ನೆಯ ನಂಬರಿನಲ್ಲಿ ಬ್ರೆನನ್ಸ್ ಎಂಬ ಗುಲಾಬಿ ಬಣ್ಣದ ಹೋಟೆಲಿದೆ. ಅದರ ಒಳಾಂಗಳದ ನೀರಿನ ತೊಟ್ಟಿಯಲ್ಲಿ ಹತ್ತು ಆಮೆಗಳು ವಾಸವಾಗಿವೆ. ಅವುಗಳಿಗೆ ಇಟ್ಟಿರುವ ಹೆಸರುಗಳೆಲ್ಲ ಸಾಸಿನವು. ಐದು ಹೆಣ್ಣಾಮೆಗಳಿಗೆ ಫ್ರೆಂಚ್ ಅಡುಗೆಯಲ್ಲಿ ಉಳಿದ ಸಾಸುಗಳಿಗೆ ಮೂಲವಾದ ಐದು ತಾಯಿ ಸಾಸುಗಳ ಹೆಸರು: ಬೆಶಮೆಲ್, ವೆಲುತೆ, ಎಸ್ಪನ್ಯೋಲ್, ತೊಮಾತ್, ಹಾಲಂಡೇಸ್. ಐದು ಗಂಡಾಮೆಗಳಿಗೆ ರೆಮುಲಾಡ್, ಬೊರ್ದಲೇಸ್ ಮುಂತಾದ ಮರಿ ಸಾಸುಗಳ ಹೆಸರು. ಮೇಜು ಸಿದ್ಧವಾಗುವವರೆಗೆ ತೊಟ್ಟಿಯ ಬಳಿ ನಿಂತು ಯಾವುದು ಯಾವುದು ಎಂದು ಹೋಟೆಲಿನ ಹುಡುಗನನ್ನು ಕೇಳುತ್ತಿದ್ದೆ. ಆಗ ತಲೆಗೆ ಹೊಳೆಯಿತು. ಈ ಮೆನುವನ್ನು ನಾನು ಇಷ್ಟು ದಿನ ತಪ್ಪಾದ ಕಡೆಯಿಂದ ಓದುತ್ತಿದ್ದೆ. ಮೊಟ್ಟೆಯೋ ಮೀನೋ ಮಾಂಸವೋ ಎಂದು ನೋಡುತ್ತಿದ್ದೆ. ನೋಡಬೇಕಾದದ್ದು ಅದರ ಮೇಲೆ ಸುರಿಯುವುದೇನು ಎಂಬುದನ್ನು. ನ್ಯೂ ಆರ್ಲಿಯನ್ಸಿನ ಬೆರಕೆ ಅಡುಗೆಗೆ ಕ್ರಿಯೋಲ್ ಎಂದು ಹೆಸರು; ಆ ಅಡುಗೆಮನೆಯಲ್ಲಿ ಯಜಮಾನಿಕೆ ಸಾಸಿನದು. ಮೊಟ್ಟೆ ಬರಿಯ ಬಾಡಿಗೆದಾರ.

ಅಂದಿನಿಂದ ನನ್ನ ಲೆಕ್ಕ ಸರಳ. ಒಬ್ಬರ ಊಟದಲ್ಲಿ ಒಂದೇ ಬಗೆಯ ಸಾಸು ಎರಡು ಸಲ ಬರಬಾರದು. ಬೆಣ್ಣೆಯ ಸಾಸಾದ ಹಾಲಂಡೇಸ್ ಬಂದ ಊಟದಲ್ಲಿ ಬೆಣ್ಣೆ ಕೆನೆಗಳ ಇನ್ನೊಂದು ತಟ್ಟೆ ಬೇಡವೇ ಬೇಡ. ಮೊದಲ ದಿನದ ನನ್ನ ಆರ್ಡರನ್ನು ಈ ಕಣ್ಣಿನಿಂದ ನೋಡಿ. ಆಮೆ ಸೂಪಿನಲ್ಲಿ ಕಂದು ಬಣ್ಣಕ್ಕೆ ಹುರಿದ ಬೆಣ್ಣೆ ಹಿಟ್ಟು. ಹುಸಾರ್ಡಿನಲ್ಲಿ ಎರಡು ಸಾಸು: ಕೆಳಗೆ ಕೆಂಪು ವೈನಿನ ಮರ್ಷಾಂ ದ ವ್ಯಾಂ, ಮೇಲೆ ಹಾಲಂಡೇಸ್. ಗ್ರಿಟ್ಸಿನ ಮೇಲೆ ಬೆಣ್ಣೆಯ ಕೆರೆ. ಸುಫ್ಲೇಯ ಹೊಟ್ಟೆ ತಿವಿದು ಒಳಗೆ ಸುರಿದ ವಿಸ್ಕಿ ಕ್ರೀಮ್. ಲೋಟದಲ್ಲಿ ಹಾಲು, ಬ್ರಾಂಡಿ. ಹಬ್ಬದೂಟಕ್ಕೆ ಕುಳಿತು ಹೋಳಿಗೆಯ ಮೇಲೆ ತುಪ್ಪ, ತುಪ್ಪದ ಮೇಲೆ ಪಾಯಸ, ಪಾಯಸದ ಮೇಲೆ ಮತ್ತೆ ತುಪ್ಪ ಬಡಿಸಿಕೊಂಡಂತೆ. ಸಾರು, ಮಜ್ಜಿಗೆ, ಉಪ್ಪಿನಕಾಯಿ ಯಾವುದೂ ಇಲ್ಲ.

ಹಾಲಂಡೇಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬ್ರಂಚಿನ ಅರ್ಧ ಮೆನು ಅದರ ಹೆಗಲ ಮೇಲಿದೆ. ಮೊಟ್ಟೆಯ ಹಳದಿ, ಕರಗಿಸಿದ ಬೆಣ್ಣೆ, ನಿಂಬೆರಸ, ಇಷ್ಟೇ ಸಾಮಾನು. ಹಬೆಯ ಮೇಲಿಟ್ಟು ಕಡೆಯುತ್ತ ಬೆಣ್ಣೆಯನ್ನು ಹನಿಹನಿಯಾಗಿ ಬಿಡಬೇಕು. ಅವಸರ ಮಾಡಿದರೆ ಒಡೆಯುತ್ತದೆ, ಬಿಸಿ ಏರಿದರೆ ಹಳದಿ ಗಟ್ಟಿಯಾಗಿ ಮೊಟ್ಟೆ ಪಲ್ಯವಾಗುತ್ತದೆ, ತಣ್ಣಗಾದರೆ ಬೆಣ್ಣೆ ಹೆಪ್ಪುಗಟ್ಟುತ್ತದೆ. ಮನೆಯಲ್ಲಿ ಮೂರು ಹಳದಿಗೆ ನೂರೈವತ್ತು ಗ್ರಾಂ ಬೆಣ್ಣೆ ಹಿಡಿದು ಕುಳಿತು ನಾಲ್ಕು ಭಾನುವಾರ ಕೆಡಿಸಿದ ಮೇಲೆ ಐದನೆಯದಕ್ಕೆ ಕೈ ಕುದುರಿತು. ಆ ಕಲಿಕೆಯಿಂದ ಹೋಟೆಲಿಗೆ ಹೋಗುವ ಹೊತ್ತೂ ಗೊತ್ತಾಯಿತು. ಈ ಸಾಸನ್ನು ಮಾಡಿಟ್ಟು ಮತ್ತೆ ಬಿಸಿ ಮಾಡುವಂತಿಲ್ಲ. ಬೆಚ್ಚಗಿನ ಜಾಗದಲ್ಲಿ ಕಾಪಾಡಿಕೊಳ್ಳಬೇಕು. ಹೊತ್ತು ಹೋದಂತೆ ದಪ್ಪವಾಗುತ್ತದೆ, ಹೊಳಪು ಕಳೆದುಕೊಳ್ಳುತ್ತದೆ. ಆದ್ದರಿಂದ ಮೊಟ್ಟೆಯ ತಟ್ಟೆ ತರಿಸುವ ಮನಸ್ಸಿದ್ದರೆ ನಾನು ಬಾಗಿಲು ತೆರೆದ ಮೊದಲ ಗಂಟೆಯ ಮೇಜನ್ನೇ ಕಾಯ್ದಿರಿಸುತ್ತೇನೆ. ಒಂದು ಮಧ್ಯಾಹ್ನ ಎರಡು ಗಂಟೆಗೆ ಕುಳಿತ ಹೋಟೆಲಿನಲ್ಲಿ, ಅದರ ಹೆಸರು ಬೇಡ, ಸಾಸಿನ ಮೇಲೆ ಹಾಲಿನ ಕೆನೆಯಂತೆ ಪದರ ಕಟ್ಟಿತ್ತು. ಚಮಚದಿಂದ ಅದನ್ನು ಬದಿಗೆ ಸರಿಸಿ, ಕೆಳಗಿದ್ದ ಮೊಟ್ಟೆಯನ್ನು ಉಪ್ಪು ಮೆಣಸು ಹಾಕಿಕೊಂಡು ತಿಂದೆ. ತಡವಾಗಿ ಹೋದ ದಿನ ಈಗ ಮೊಟ್ಟೆಯ ಪುಟವನ್ನು ತೆರೆಯುವುದೇ ಇಲ್ಲ.

ಮೊಟ್ಟೆಯ ಪುಟದಲ್ಲಿ ನನಗೆ ಪ್ರಿಯವಾದದ್ದು ಹುಸಾರ್ಡ್ ಅಲ್ಲ, ಎಗ್ಸ್ ಸಾರ್ದೂ. 1840ರಿಂದ ನಡೆಯುತ್ತಿರುವ ಆಂಟ್ವಾನ್ಸ್ ಎಂಬ ಹೋಟೆಲಿನಲ್ಲಿ ವಿಕ್ಟೋರಿಯಾಂ ಸಾರ್ದೂ ಎಂಬ ಫ್ರೆಂಚ್ ನಾಟಕಕಾರನ ಹೆಸರಿನಲ್ಲಿ ಹುಟ್ಟಿದ ತಿನಿಸು. ಆರ್ಟಿಚೋಕ್ ಒಂದು ಮುಳ್ಳುಗಿಡದ ಮೊಗ್ಗು. ಬಾಳೆ ಹೂವಿನಂತೆ ದಳದಳ ಕಿತ್ತು ಬಿಸಾಡಿದರೆ ತಳದಲ್ಲಿ ಬಟ್ಟಲಿನ ಆಕಾರದ ತಿರುಳು ಉಳಿಯುತ್ತದೆ. ಆ ಬಟ್ಟಲಿನ ಕೆಳಗೆ ಕೆನೆಯಲ್ಲಿ ಬೆಂದ ಪಾಲಕ್, ಒಳಗೆ ನೀರಿನಲ್ಲಿ ಬೇಯಿಸಿದ ಮೊಟ್ಟೆ, ಮೇಲೆ ಹಾಲಂಡೇಸ್. ಪಾಲಕ್ಕಿನ ಒಗರು, ಆರ್ಟಿಚೋಕಿನ ಸಣ್ಣ ಕಹಿ ಎರಡೂ ಬೆಣ್ಣೆಯ ಜಂಬವನ್ನು ತಗ್ಗಿಸುತ್ತವೆ. ಹುಸಾರ್ಡಿನಲ್ಲಿ ಹಾಗೆ ತಗ್ಗಿಸುವವರು ಯಾರೂ ಇಲ್ಲ. ಹಂದಿಮಾಂಸ, ವೈನು, ಬೆಣ್ಣೆ ಎಲ್ಲರೂ ಗಟ್ಟಿ ದನಿಯವರೇ. ಚೆನ್ನಾಗಿರುವುದಿಲ್ಲವೆಂದಲ್ಲ. ಅದನ್ನೇ ತಿನ್ನಬೇಕೆಂದಿದ್ದರೆ ಮೊದಲಿಗೆ ಏನೂ ಬೇಡ, ಕೊನೆಗೆ ಹಣ್ಣು ಸಾಕು.

ಸಾರ್ದೂ ಆದರೆ ಅದಕ್ಕೆ ಮುಂಚೆ ನಾನು ತರಿಸುವುದು ಸಿಗಡಿ ರೆಮುಲಾಡ್. ಬೇಯಿಸಿ ತಣಿಸಿದ ಸಿಗಡಿ, ಮೇಲೆ ಸಾಸಿವೆ, ಹಾರ್ಸ್‌ರ್ಯಾಡಿಷ್, ಪಾಪ್ರಿಕಾ ಸೇರಿದ ಕೆಂಪುಗಂದು ಬಣ್ಣದ ಸಾಸು. ಕ್ರಿಯೋಲ್ ಅಡುಗೆ ಖಾರವಾಗಿರುತ್ತದೆಂದು ನಮ್ಮವರು ನಂಬಿಕೊಂಡು ಬರುತ್ತಾರೆ, ಬಂದು ನಿರಾಶರಾಗುತ್ತಾರೆ. ನಮ್ಮ ನಾಲಿಗೆಗೆ ಅಲ್ಲಿ ಖಾರವೆನ್ನುವಷ್ಟು ಖಾರ ಎಲ್ಲಿಯೂ ಇಲ್ಲ. ರೆಮುಲಾಡ್ ಮಾತ್ರ ಮೂಗಿಗೆ ಏರುತ್ತದೆ, ಸಾಸಿವೆಯ ಘಾಟು. ಅದು ತಣ್ಣಗಿನದು, ಹುಳಿಯಾದದ್ದು, ಹಾಲಂಡೇಸ್ ಬರುವ ಮುಂಚೆ ಬಾಯಿಯನ್ನು ತೊಳೆದಿಡುತ್ತದೆ.

ಇನ್ನು ರೂ. ರೂಪಾಯಿಯಲ್ಲ, ಹಿಟ್ಟನ್ನು ಬೆಣ್ಣೆಯಲ್ಲೋ ಎಣ್ಣೆಯಲ್ಲೋ ಹುರಿದ ಮುದ್ದೆಗೆ ಫ್ರೆಂಚಿನಲ್ಲಿ ಆ ಹೆಸರು. ಹುರಿದಷ್ಟೂ ಬಣ್ಣ ಏರುತ್ತದೆ, ಗಟ್ಟಿ ಮಾಡುವ ಗುಣ ಇಳಿಯುತ್ತದೆ. ಬಿಳಿ, ಹೊಂಬಣ್ಣ, ಕಡಲೆಕಾಯಿ ಸಿಪ್ಪೆಯ ಬಣ್ಣ, ಕೊನೆಗೆ ಚಾಕೊಲೇಟ್ ಬಣ್ಣ. ಕ್ಷಣ ಮೈಮರೆತರೆ ಸೀಯುತ್ತದೆ. ಬೇಸನ್ ಉಂಡೆಗೆ ಹಿಟ್ಟು ಹುರಿದವರಿಗೆ ಆ ಪರಿಮಳವನ್ನು ವಿವರಿಸಬೇಕಾಗಿಲ್ಲ. ಗಂಬೋ ಎಂಬ ಸಾರಿನ ಬುನಾದಿ ಅದು. ಈರುಳ್ಳಿ, ಸೆಲರಿ, ದೊಣ್ಣೆ ಮೆಣಸಿನಕಾಯಿ ಈ ಮೂರನ್ನು ಅಲ್ಲಿಯವರು ಪವಿತ್ರ ತ್ರಯ ಎಂದು ಕರೆದು ಆ ಹುರಿದ ಹಿಟ್ಟಿಗೆ ಹಾಕುತ್ತಾರೆ. ಗಂಬೋ ಎಂಬ ಮಾತು ಬಂದದ್ದು ಆಫ್ರಿಕಾದ ಬಾಂಟು ಭಾಷೆಗಳಲ್ಲಿ ಬೆಂಡೆಕಾಯಿಗಿರುವ ಹೆಸರಿನಿಂದ. ಬೆಂಡೆಯ ಲೋಳೆಯೇ ಸಾರನ್ನು ಗಟ್ಟಿ ಮಾಡುವುದು. ಬೆಂಡೆ ಇಲ್ಲದ ಕಾಲಕ್ಕೆ ಫಿಲೇ ಪುಡಿ, ಸಸಾಫ್ರಸ್ ಮರದ ಎಲೆಯನ್ನು ಒಣಗಿಸಿ ಪುಡಿ ಮಾಡಿದ್ದು. ಅದನ್ನು ಕಲಿಸಿದವರು ಚಾಕ್ಟಾ ಬುಡಕಟ್ಟಿನವರು. ಫ್ರಾನ್ಸಿನ ಹುರಿದ ಹಿಟ್ಟು, ಆಫ್ರಿಕಾದ ಬೆಂಡೆ, ಅಲ್ಲಿನ ಮೂಲನಿವಾಸಿಗಳ ಎಲೆಪುಡಿ. ಕ್ರಿಯೋಲ್ ಎಂದರೇನು ಎಂದು ಕೇಳಿದವರಿಗೆ ನಾನು ಒಂದು ಬಟ್ಟಲು ಗಂಬೋ ತರಿಸಿ ಸುಮ್ಮನಾಗುತ್ತೇನೆ.

ಆದರೆ ಒಂದು ಮಾತು: ಬಟ್ಟಲು ಸಣ್ಣದಿರಲಿ. ಗಂಬೋ ಒಳಗೆ ಅನ್ನವಿರುತ್ತದೆ, ಅದೇ ಒಂದು ಊಟ. ಆಮೆ ಸೂಪಿಗೂ ಇದೇ ಎಚ್ಚರ. ಅದು ಸೂಪೆಂದರೆ ನಂಬಬೇಡಿ. ಚಮಚ ನಿಲ್ಲುವಷ್ಟು ಗಟ್ಟಿಯಾದ ಗೊಜ್ಜು. ನಿಂಬೆ, ಟೊಮೆಟೊ, ಕೊಚ್ಚಿದ ಮೊಟ್ಟೆ, ಮೇಜಿನ ಬಳಿ ಬಂದು ಹನಿಸುವ ಶೆರ್ರಿ. ತೊಟ್ಟಿಯಲ್ಲಿ ಆಮೆಗಳನ್ನು ಹೆಸರು ಹಿಡಿದು ಮಾತನಾಡಿಸಿ ಬಂದ ಮೇಲೆ ನನಗೆ ಅದನ್ನು ತರಿಸಲು ಮನಸ್ಸೊಪ್ಪಲಿಲ್ಲ. ಸಂಕೋಚವಿಲ್ಲದವರು ಮೂವರ ನಡುವೆ ಒಂದು ಬಟ್ಟಲು ತರಿಸಲಿ.

ಇಷ್ಟೊಂದು ಭಾರದ ಊಟ ಬೆಳಿಗ್ಗೆ ಹನ್ನೊಂದಕ್ಕೆ ಯಾಕೆ ಎಂಬುದಕ್ಕೆ ಕಥೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬವೇರಿಯಾದಿಂದ ಬಂದ ಎಲಿಜಬೆತ್ ಕೆಟೆನ್‌ರಿಂಗ್ ಎಂಬಾಕೆ ಫ್ರೆಂಚ್ ಮಾರುಕಟ್ಟೆಯ ಎದುರು ಊಟದ ಮನೆ ನಡೆಸುತ್ತಿದ್ದಳು. ಊರಿಗೆಲ್ಲ ಅವಳು ಮದಾಮ್ ಬೆಗೇ. ಅವಳ ಗಿರಾಕಿಗಳು ಮಾರುಕಟ್ಟೆಯ ಕಸಾಯಿಗಳು. ನಸುಕಿನಲ್ಲಿ ಒಂದು ತುಂಡು ಬ್ರೆಡ್ಡು ಕಾಫಿ ಕುಡಿದು ಕೆಲಸಕ್ಕಿಳಿದವರು ಹನ್ನೊಂದಕ್ಕೆ ಕತ್ತಿ ತೊಳೆದು ಹಸಿದು ಬರುತ್ತಿದ್ದರು. ಅವರಿಗಾಗಿ ಅವಳು ಬಡಿಸಿದ್ದು ಎರಡನೆಯ ಉಪಾಹಾರ, ಗಂಟೆಗಟ್ಟಲೆ ನಡೆಯುವ ಹಲವು ಸುತ್ತಿನ ಊಟ. 1884ರಲ್ಲಿ ಊರಿನಲ್ಲಿ ನಡೆದ ಹತ್ತಿಯ ಮಹಾ ಪ್ರದರ್ಶನಕ್ಕೆ ಬಂದ ಪ್ರವಾಸಿಗರು ಅದರ ರುಚಿ ಹಿಡಿದರು. ಬ್ರಂಚ್ ಎಂಬ ಪದ ಇಂಗ್ಲೆಂಡಿನಲ್ಲಿ ಅಚ್ಚಾದದ್ದು 1895ರಲ್ಲಿ. ಊಟ ಅದಕ್ಕಿಂತ ಹಳೆಯದು. ಕುಂದಾಪುರದಲ್ಲಿ ನಸುಕಿಗೆ ಗದ್ದೆಗಿಳಿದು ಹತ್ತು ಗಂಟೆಗೆ ಗಂಜಿಗೆ ಬರುತ್ತಿದ್ದ ನನ್ನ ಅಜ್ಜನಿಗೆ ಈ ಲೆಕ್ಕ ತಕ್ಷಣ ಅರ್ಥವಾಗುತ್ತಿತ್ತು. ನಾವೋ, ಒಂಬತ್ತಕ್ಕೆ ಎದ್ದು, ಹಲ್ಲುಜ್ಜಿ, ಕಸಾಯಿಯ ಊಟಕ್ಕೆ ಕುಳಿತುಕೊಳ್ಳುತ್ತೇವೆ.

ಗಂಜಿಯ ಮಾತು ಬಂದದ್ದರಿಂದ ಗ್ರಿಯಾಡ್ಸ್ ಅಂಡ್ ಗ್ರಿಟ್ಸ್ ಬಗ್ಗೆ ಹೇಳಲೇಬೇಕು. ನನ್ನನ್ನು ಕೇಳಿದರೆ ಇಡೀ ಮೆನುವಿನಲ್ಲಿ ಅತ್ಯಂತ ಪ್ರಾಮಾಣಿಕವಾದ ತಟ್ಟೆ ಇದೇ. ಗ್ರಿಟ್ಸ್ ಎಂದರೆ ಮೆಕ್ಕೆಜೋಳದ ನುಚ್ಚು, ನಿಧಾನವಾಗಿ ಬೇಯಿಸಿದ್ದು. ಗ್ರಿಯಾಡ್ಸ್ ಎಂದರೆ ಕರುವಿನ ಅಥವಾ ದನದ ಮಾಂಸದ ತೆಳು ಹೋಳುಗಳು. ಅವುಗಳನ್ನು ಬಡಿದು, ಕೆಂಪಗೆ ಬಾಡಿಸಿ, ಟೊಮೆಟೊ ಮತ್ತು ಆ ಪವಿತ್ರ ತ್ರಯದ ಗೊಜ್ಜಿನಲ್ಲಿ ಮೆತ್ತಗಾಗುವವರೆಗೆ ಬೇಯಿಸುತ್ತಾರೆ. ಇಲ್ಲಿ ಹಾಲಂಡೇಸಿನ ಆಡಂಬರವಿಲ್ಲ. ಹುಳಿಯಿದೆ, ಮಾಂಸದ ರಸವಿದೆ, ರಸವನ್ನು ಹೀರಲು ನುಚ್ಚಿದೆ. ದನದ ಮಾಂಸ ತಿನ್ನದವರಿಗೆ ಸಿಗಡಿ ಗ್ರಿಟ್ಸ್ ಇದೆ. ನಮ್ಮ ಕಡೆ ಚಟ್ಲಿ ಎನ್ನುವ ಸಿಗಡಿ ಮೆಕ್ಸಿಕೋ ಕೊಲ್ಲಿಯಲ್ಲಿ ಧಾರಾಳ. ಗಂಜಿಗೆ ಚಟ್ಲಿ ಸುಕ್ಕ ಹಾಕಿಕೊಂಡು ಬೆಳೆದ ನನಗೆ ಆ ತಟ್ಟೆಯ ಮುಂದೆ ಯಾವ ಅಪರಿಚಿತತೆಯೂ ಆಗಲಿಲ್ಲ. ತೆಂಗಿನಕಾಯಿ ಒಂದು ಇದ್ದಿದ್ದರೆ ಎಂದು ಮಾತ್ರ ಅನಿಸಿತು.

ಮೊದಲ ಸಲ ಬಂದ ಮಾಂಸಾಹಾರಿ ಅತಿಥಿಗೆ ನಾನು ಹೇಳುವುದು ಇದನ್ನೇ: ಮೊದಲಿಗೆ ರೆಮುಲಾಡ್, ಆಮೇಲೆ ಗ್ರಿಯಾಡ್ಸ್ ಅಥವಾ ಸಿಗಡಿ ಗ್ರಿಟ್ಸ್, ಕೊನೆಗೆ ಸಿಹಿ ಏನೇ ಇರಲಿ. ಹಾಲಂಡೇಸ್ ನನ್ನ ತಟ್ಟೆಯಿಂದ ಒಂದು ಚಮಚ ತೆಗೆದುಕೊಂಡು ನೋಡಿದರೆ ಸಾಕು. ಮೀನು ಬೇಕೆನ್ನುವವರಿಗೆ ಪೆಕಾನ್ ಕಾಯಿಯ ಪುಡಿ ಹೊದಿಸಿ ಹುರಿದ ಕೊಲ್ಲಿಯ ಮೀನು ಕಮಾಂಡರ್ಸ್ ಪ್ಯಾಲೇಸ್ ಎಂಬ ಹೋಟೆಲಿನ ಹೆಸರಾಂತ ತಿನಿಸು. ಮೀನಿನ ಹೆಸರು ಕೇಳಿ, ದಿನಕ್ಕೊಂದು ಬದಲಾಗುತ್ತದೆ. ಹೆಸರು ಹೇಳಲು ತಡವರಿಸುವ ಮಾಣಿ ಇದ್ದರೆ ನಾನು ಮೀನು ಬಿಟ್ಟುಬಿಡುತ್ತೇನೆ. ಕರಾವಳಿಯವರ ಹಟ ಎನ್ನಿ.

ಸಿಹಿಯ ವಿಷಯದಲ್ಲಿ ಸ್ವಲ್ಪ ಉಪಾಯ ಬೇಕು. ಬ್ರೆಡ್ ಪುಡ್ಡಿಂಗ್ ಸುಫ್ಲೇ ಬೇಕಿದ್ದರೆ ಮೊದಲ ತಟ್ಟೆಯ ಜೊತೆಗೇ ಹೇಳಿಡಬೇಕು, ಉಬ್ಬಿ ಬರಲು ಅದಕ್ಕೆ ಸಮಯ ಬೇಕು. ಬನಾನಾಸ್ ಫಾಸ್ಟರ್ ಆದರೆ ಮೇಜಿನ ಬಳಿಯೇ ಗಾಡಿ ತಂದು ಮಾಡುತ್ತಾರೆ. ಅದು ಬ್ರೆನನ್ಸಿನಲ್ಲಿ 1951ರಲ್ಲಿ ಹುಟ್ಟಿದ್ದು. ಮಧ್ಯ ಅಮೆರಿಕದಿಂದ ಬಂದ ಬಾಳೆಹಣ್ಣಿನ ರಾಶಿ ಇಳಿಯುತ್ತಿದ್ದ ಬಂದರಲ್ಲವೇ ನ್ಯೂ ಆರ್ಲಿಯನ್ಸ್. ಪಾಲ್ ಬ್ಲಾಂಜೇ ಎಂಬ ಬಾಣಸಿಗನ ಕೈಯದು, ರಿಚರ್ಡ್ ಫಾಸ್ಟರ್ ಎಂಬ ಮಾಲೀಕರ ಗೆಳೆಯನ ಹೆಸರಿನದು. ಬೆಣ್ಣೆ, ಕಂದು ಸಕ್ಕರೆ, ದಾಲ್ಚಿನ್ನಿ ಕುದಿಸಿ, ಬಾಳೆಹಣ್ಣು ಸೀಳಿ ಹಾಕಿ, ರಮ್ ಸುರಿದು ಬೆಂಕಿ ಹೊತ್ತಿಸುತ್ತಾರೆ; ದಾಲ್ಚಿನ್ನಿ ಪುಡಿ ಉದುರಿಸಿದಾಗ ಕಿಡಿ ಹಾರುತ್ತದೆ, ಪಕ್ಕದ ಮೇಜಿನವರೆಲ್ಲ ಮೊಬೈಲ್ ತೆಗೆಯುತ್ತಾರೆ. ಕೆಳಗೆ ವೆನಿಲಾ ಐಸ್‌ಕ್ರೀಮು. ನಾಲ್ವರಿಗೆ ಎರಡು ತಟ್ಟೆ ಧಾರಾಳವಾಯಿತು. ಹಾಲಂಡೇಸ್ ತಿಂದ ದಿನ ನಾನು ಇದನ್ನು ಆರಿಸುತ್ತೇನೆ, ಸುಫ್ಲೇಯನ್ನಲ್ಲ. ಇದು ಕೊನೆಗೂ ಹಣ್ಣು. ಬೆಣ್ಣೆಯ ಮಾತನ್ನು ಆ ಹೊತ್ತಿನಲ್ಲಿ ನಾನಾಗಿ ತೆಗೆಯುವುದಿಲ್ಲ.

ಮೆನುವಿನ ಮೂಲೆಯಲ್ಲಿ ಕಾಲಾ ಎಂದು ಕಂಡರೆ ಬಿಡಬೇಡಿ. ಬೆಂದ ಅನ್ನವನ್ನು ಹಿಟ್ಟು, ಸಕ್ಕರೆ, ಮೊಟ್ಟೆ, ಜಾಯಿಕಾಯಿಯೊಂದಿಗೆ ಕಲಸಿ ಕರಿದ ಸಣ್ಣ ಬೋಂಡಾ. ಒಂದು ಕಾಲಕ್ಕೆ ಕಪ್ಪು ಹೆಂಗಸರು ಬುಟ್ಟಿ ಹೊತ್ತು ಬೀದಿಯಲ್ಲಿ ಕೂಗಿ ಮಾರುತ್ತಿದ್ದರು. ಸ್ಪೇನಿನ ಆಡಳಿತದಲ್ಲಿ ಗುಲಾಮರು ಹಣ ಕಟ್ಟಿ ತಮ್ಮ ಬಿಡುಗಡೆಯನ್ನು ಕೊಳ್ಳಬಹುದಾಗಿತ್ತು; ಕಾಲಾ ಮಾರಿದ ಕಾಸು ಕೂಡಿಟ್ಟು ಹಾಗೆ ಬಿಡುಗಡೆ ಪಡೆದವರ ಕಥೆಗಳನ್ನು ಆ ಊರು ಇಂದಿಗೂ ಹೇಳುತ್ತದೆ. ಬಿಳಿ ಮೇಜುಬಟ್ಟೆಯ ಹೋಟೆಲುಗಳಲ್ಲಿ ಅದು ಅಪರೂಪಕ್ಕೆ ಸಿಗುತ್ತದೆ. ಸಿಕ್ಕ ದಿನ ನಾನು ಬೇರೆ ಸಿಹಿಯನ್ನು ಕೇಳುವುದಿಲ್ಲ.

ನನ್ನ ಈ ಲೆಕ್ಕಾಚಾರವೆಲ್ಲ ತಲೆಕೆಳಗಾದದ್ದು ನನ್ನ ಅತ್ತೆ ಬಂದಾಗ. ಸಾಗರದ ಹತ್ತಿರದ ಅಡಿಕೆ ತೋಟದ ಮನೆಯವರು. ಮೀನು ಮಾಂಸವಿರಲಿ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. ಹೆಂಡತಿ ಮೊಟ್ಟೆ ತಿನ್ನುತ್ತಾಳೆ, ಅವಳಿಗೆ ಸಾರ್ದೂ ಇದೆ. ಅತ್ತೆಗೆ ಏನಿದೆ? ಮೆನುವನ್ನು ಆ ಕಣ್ಣಿನಿಂದ ಓದಿದಾಗ ಬೆವರಿದೆ. ಹಾಲಂಡೇಸ್ ಎಂದರೆ ಹಳದಿ. ನಿನ್ನೆಯ ಬ್ರೆಡ್ಡನ್ನು ನೆನೆಸಿ ಹುರಿಯುವ ಪ್ಯಾಂ ಪೆರ್ದೂ ಎಂದರೆ ಮೊಟ್ಟೆ. ಸುಫ್ಲೇ ಎಂದರೆ ಮೊಟ್ಟೆ. ಕಾಲಾದಲ್ಲಿ ಮೊಟ್ಟೆ. ರೆಮುಲಾಡಿನ ತಳದಲ್ಲಿ ಹಲವು ಕಡೆ ಮಯೊನೇಸು. ಗ್ರಿಟ್ಸನ್ನು ಕೆಲವರು ಕೋಳಿಯ ರಸದಲ್ಲಿ ಬೇಯಿಸುತ್ತಾರೆ. ಸೊಪ್ಪಿಗೆ ಹಂದಿಮಾಂಸ ಹಾಕುತ್ತಾರೆ. ಗಂಬೋ ಜೆರ್ಬ್ ಎಂಬ ಹೆಸರು ಕಂಡು ಸೊಪ್ಪಿನ ಗಂಬೋ ಎಂದು ಹಿಗ್ಗಿದ್ದೆ. ಈಸ್ಟರಿನ ಮುಂಚಿನ ಗುರುವಾರ ಅದನ್ನು ಮಾಡಿ ಬಡಿಸುವುದಕ್ಕೆ ಹೆಸರಾದ ಹೋಟೆಲು ಡೂಕಿ ಚೇಸ್. ಅಲ್ಲಿಯ ಬಾಣಸಿಗಿ ಲೀಯಾ ಚೇಸ್ ದಶಕಗಳ ಕಾಲ ಮಾಡುತ್ತಿದ್ದ ಆ ಗಂಬೋಗೆ ಹಲವು ಬಗೆಯ ಸೊಪ್ಪಿನ ಜೊತೆ ಹಲವು ಬಗೆಯ ಮಾಂಸವೂ ಬೀಳುತ್ತಿತ್ತು. ಹೆಸರು ಮಾತ್ರ ಸೊಪ್ಪಿನದು.

ಹಾಗಾಗಿ ಮೂರು ದಿನ ಮೊದಲೇ ಹೋಟೆಲಿಗೆ ಕರೆ ಮಾಡಿದೆ. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಸಾಲದು ಎಂಬುದು ಹಳೆಯ ಪಾಠ. ಅವರ ನಿಘಂಟಿನಲ್ಲಿ ಮೊಟ್ಟೆಯೂ ಸಸ್ಯ, ಕೆಲವೊಮ್ಮೆ ಮೀನೂ ಸಸ್ಯ. ಆದ್ದರಿಂದ ಬೇಡವಾದದ್ದನ್ನು ಒಂದೊಂದಾಗಿ ಹೇಳಿದೆ: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಮಾಂಸದ ರಸವೂ ಬೇಡ. ಹಾಲು, ಬೆಣ್ಣೆ, ಕೆನೆ ಆಗುತ್ತದೆ. ಆಮೇಲೆ ನಾನೇ ಸೂಚಿಸಿದೆ: ಸಾರ್ದೂ ತಟ್ಟೆಯಿಂದ ಮೊಟ್ಟೆ ಮತ್ತು ಹಾಲಂಡೇಸ್ ತೆಗೆದುಬಿಡಿ, ಉಳಿದದ್ದನ್ನು ನೀರಿನಲ್ಲಿ ಬೇಯಿಸಿದ ಗ್ರಿಟ್ಸಿನ ಮೇಲೆ ಇಡಿ. ಫೋನಿನ ಆ ಕಡೆ ಅಡುಗೆಮನೆಯ ಹೆಂಗಸು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಅಣಬೆಯನ್ನೂ ಬೆಣ್ಣೆಯಲ್ಲಿ ಬಾಡಿಸಿ ಹಾಕುತ್ತೇನೆ ಎಂದಳು. ನಾಟಕಕಾರನಿಲ್ಲದ ಸಾರ್ದೂ ಹಾಗೆ ತಯಾರಾಯಿತು.

ಅತ್ತೆ ಆರ್ಟಿಚೋಕಿನ ಒಂದು ತುಣುಕನ್ನು ಬಾಯಿಗಿಟ್ಟು, ಬಾಳೆ ಕುಂಡಿಗೆಯ ಒಳ ತಿರುಳಿನ ಹಾಗಿದೆ, ಆದರೆ ಒಗರು ತೆಗೆಯಲು ಮಜ್ಜಿಗೆಯಲ್ಲಿ ನೆನೆಸಿಲ್ಲ ಎಂದರು. ನುಚ್ಚನ್ನು ಎರಡನೆಯ ಸಲ ಹಾಕಿಸಿಕೊಂಡರು. ಮಾರ್ಚ್ ತಿಂಗಳಾದ್ದರಿಂದ ಪಾಂಚಟೂಲಾ ಕಡೆಯ ಸ್ಟ್ರಾಬೆರಿ ಬಂದಿತ್ತು. ಕೆನೆ ಹಾಕಿಸಿ ಸಿಹಿಗೆ ಅದನ್ನೇ ತರಿಸಿದೆ. ಬನಾನಾಸ್ ಫಾಸ್ಟರ್ ಬೇಡವೆಂದದ್ದು ರಮ್ಮಿನ ಕಾರಣಕ್ಕೆ. ಉರಿದು ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಆ ಕ್ಷಣದ ಬೆಂಕಿಗೆ ಮದ್ಯ ಪೂರ್ತಿ ಹೋಗುವುದಿಲ್ಲ. ಅತ್ತೆಗೆ ಸುಳ್ಳು ಹೇಳಿ ತಿನ್ನಿಸಲು ನನಗೆ ಧೈರ್ಯವಿಲ್ಲ.

ಕಾಫಿ ಬಂತು. ಒಂದು ಗುಟುಕು ಕುಡಿದು, ಇದರಲ್ಲಿ ಚಿಕೋರಿ ಇದೆ ಎಂದರು. ಇತ್ತು. ಹುರಿದ ಚಿಕೋರಿ ಬೇರನ್ನು ಕಾಫಿಗೆ ಬೆರೆಸುವುದು ಫ್ರೆಂಚರ ಅಭ್ಯಾಸ; ಅಮೆರಿಕದ ಅಂತರ್ಯುದ್ಧದಲ್ಲಿ ಬಂದರಿಗೆ ದಿಗ್ಬಂಧನ ಬಿದ್ದು ಕಾಫಿ ಬೀಜ ಸಿಗದಂತಾದಾಗ ನ್ಯೂ ಆರ್ಲಿಯನ್ಸಿನಲ್ಲಿ ಅದು ಬೇರೂರಿತು, ಮತ್ತೆ ಹೋಗಲಿಲ್ಲ. ಅತ್ತೆಗೆ ಈ ಇತಿಹಾಸ ಬೇಕಿರಲಿಲ್ಲ. ಎಷ್ಟು ಪಾಲು ಹಾಕುತ್ತಾರೆ ಕೇಳು, ನಮ್ಮ ಅಂಗಡಿಯವನು ಮೂವತ್ತು ಹಾಕಿ ಇಪ್ಪತ್ತು ಎನ್ನುತ್ತಾನೆ, ಎಂದರು.

ಪಾನೀಯಗಳ ಬಗ್ಗೆ ನನ್ನ ಮಾತು ಚಿಕ್ಕದು. ಬ್ರಾಂಡಿ ಮಿಲ್ಕ್ ಪಂಚ್ ಹಾಲು, ಸಕ್ಕರೆ, ವೆನಿಲಾ, ಜಾಯಿಕಾಯಿಯದು, ಲೋಟದಲ್ಲಿರುವ ಪಾಯಸ. ಕುಡಿಯುವುದಾದರೆ ಸಿಹಿಯ ಬದಲಿಗೆ ಕುಡಿಯಿರಿ. ಮೊಟ್ಟೆಯ ತಟ್ಟೆಯ ಜೊತೆಗೆ ಗುಳ್ಳೆಯೇಳುವ ವೈನು ಅಥವಾ ಬರಿಯ ನಿಂಬೆ ಸೋಡಾ ಒಳ್ಳೆಯದು. ನಾನು ಈಗ ಕಾರಿನ ಕೀಲಿ ಕೈಯಲ್ಲಿದ್ದರೆ ಸೋಡಾ.

ಹಣದ ಲೆಕ್ಕ: ಹಲವು ಕಡೆ ಮುಖ್ಯ ತಟ್ಟೆಯ ದರದಲ್ಲೇ ಮೊದಲಿನದು ಮತ್ತು ಸಿಹಿ ಸೇರಿರುತ್ತದೆ, ಆದ್ದರಿಂದ ಬಿಡಿಬಿಡಿಯಾಗಿ ಕೂಡಿ ಹೆದರಬೇಡಿ. ತೆರಿಗೆ ಸುಮಾರು ಶೇಕಡ 10, ಭಕ್ಷೀಸು ಶೇಕಡ 20 ಎಂದು ಮೊದಲೇ ಸೇರಿಸಿಕೊಳ್ಳಿ. ಚಡ್ಡಿ ಟೀ ಶರ್ಟಿನಲ್ಲಿ ಹೋದರೆ ಕಮಾಂಡರ್ಸ್ ಪ್ಯಾಲೇಸಿನಂಥ ಕಡೆ ಬಾಗಿಲಿನಲ್ಲೇ ತಡೆಯುತ್ತಾರೆ. ವಾರಾಂತ್ಯದ ಜಾಜ್ ಬ್ರಂಚಿಗೆ ವಾರಗಳ ಮೊದಲು ಮೇಜು ಕಾಯ್ದಿರಿಸಬೇಕು. ವಾದ್ಯದವರು ಮೇಜಿನಿಂದ ಮೇಜಿಗೆ ಬರುತ್ತಾರೆ. ಕಿಸೆಯಲ್ಲಿ ಒಂದಷ್ಟು ನೋಟಿರಲಿ, ಮತ್ತು ಅವರು ನುಡಿಸುವಾಗ ತಿನ್ನುವುದನ್ನು ನಿಲ್ಲಿಸಬೇಡಿ, ಹಾಲಂಡೇಸ್ ಕಾಯುವುದಿಲ್ಲ.

ಅತ್ತೆಯ ಬ್ರಂಚಿನ ದಿನ ಬಿಲ್ಲಿನ ಜೊತೆಗೆ ಸಣ್ಣ ತಟ್ಟೆಯಲ್ಲಿ ನಾಲ್ಕು ಪ್ರಾಲೀನ್ ಬಂದವು, ಸಕ್ಕರೆ ಕೆನೆಯಲ್ಲಿ ಪೆಕಾನ್ ಕಾಯಿ ಹಾಕಿ ಗಟ್ಟಿ ಮಾಡಿದ ಮಿಠಾಯಿ. ನಾವು ತರಿಸಿರಲಿಲ್ಲ. ಮಾಣಿ ಲಾನ್ಯಾಪ್ ಎಂದ. ವ್ಯಾಪಾರ ಮುಗಿದ ಮೇಲೆ ಗಿರಾಕಿಗೆ ಮೇಲಿಂದ ಹಾಕುವ ಚೂರಿಗೆ ಆ ಊರಿನ ಮಾತು. ಅತ್ತೆಗೆ ಹೇಳಿದೆ. ಅಂದರೆ ಕೊಸರು ಎನ್ನು, ಎಂದರು. ಮಾಣಿ ಏನೆಂದರು ಎಂದು ಕೇಳಿದ, ಹೇಳಿಕೊಟ್ಟೆ. ಕೊಸರು, ಕೊಸರು ಎಂದು ಎರಡು ಸಲ ಬಾಯಲ್ಲಿ ಹೊರಳಿಸಿದ. ಅತ್ತೆ ಅಷ್ಟರಲ್ಲಿ, ಇದಕ್ಕೆ ಮೊಟ್ಟೆ ಹಾಕಿಲ್ಲ ತಾನೇ ಕೇಳು, ಎಂದು ನನ್ನ ತೋಳು ತಿವಿಯುತ್ತಿದ್ದರು. ಇಲ್ಲವೆಂದ. ಒಳಗೆ ಹೋಗಿ ಕರವಸ್ತ್ರದಲ್ಲಿ ಸುತ್ತಿದ ಇನ್ನೆರಡನ್ನು ತಂದು ಅವರ ಕೈಗಿಟ್ಟ.